ಮಳೆ ನಕ್ಷತ್ರಗಳನ್ನು ಕಣ್ಣಾರೆ ಕಾಣುವ ಬಗೆ

ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರಾ ಮಳೆ ಎಂಬ ಹೆಸರುಗಳನ್ನು ಅರಿಯದ ರೈತರು ನಮ್ಮಲ್ಲಿ ವಿರಳ. ಬಿತ್ತನೆಯ ಮಾತು ಬಂದಾಗಲೆಲ್ಲ ಇವು ನಮ್ಮ ನಾಲಗೆಯ ಮೇಲೆ ಇರುತ್ತವೆ. ಆದರೆ "ರೋಹಿಣಿ ಎಲ್ಲಿದೆ, ತೋರಿಸಿ" ಎಂದು ಮಗುವೊಂದು ಕೇಳಿದರೆ ಬೆರಳು ಮಾಡಿ ತೋರಿಸಬಲ್ಲವರು ಎಷ್ಟು ಮಂದಿ? ಬಾಯಲ್ಲಿ ಉಳಿದದ್ದು ಕಣ್ಣಿಗೆ ದೂರವಾಗಿದೆ. ಇದನ್ನು ಮತ್ತೆ ಕಲಿಯಲು ಕೈಯಲ್ಲಿರುವ ಸ್ಮಾರ್ಟ್‌ಫೋನು ನೆರವಾಗುತ್ತದೆ.

ಮೊದಲು ಒಂದು ಸಂಗತಿ ತಿಳಿದಿರಲಿ. ಆರಿದ್ರಾ ಮಳೆಯ ದಿನಗಳಲ್ಲಿ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಸೂರ್ಯನು ವರ್ಷಕ್ಕೆ 27 ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿ 13 ಅಥವಾ 14 ದಿನ ಇರುತ್ತಾನೆ. ಜೂನ್ 22ರ ಸುಮಾರಿಗೆ ಆರಿದ್ರೆಯನ್ನು ಪ್ರವೇಶಿಸುವುದರಿಂದ ಆಗಿನ ಮಳೆಗೆ ಆ ಹೆಸರು. ನಕ್ಷತ್ರವು ಆಗ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಅದನ್ನು ನೋಡಲು ಡಿಸೆಂಬರಿನಿಂದ ಮಾರ್ಚಿವರೆಗಿನ ರಾತ್ರಿಗಳು ತಕ್ಕವು.

ಫೋನು ಹೇಗೆ ತೋರಿಸುತ್ತದೆ?

ಸ್ಕೈ ಮ್ಯಾಪ್, ಸ್ಟೆಲೇರಿಯಂ ಮುಂತಾದ ಆ್ಯಪ್‌ಗಳಿವೆ. ಫೋನನ್ನು ಆಕಾಶದ ಕಡೆ ಹಿಡಿದರೆ ಆ ದಿಕ್ಕಿನ ನಕ್ಷತ್ರಗಳ ಹೆಸರು ಪರದೆಯಲ್ಲಿ ಮೂಡುತ್ತದೆ. ಕೆಲವು ಆ್ಯಪ್‌ಗಳು ಕ್ಯಾಮೆರಾದ ಚಿತ್ರದ ಮೇಲೆಯೇ ಗೆರೆ ಎಳೆದು ತೋರಿಸುತ್ತವೆ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು.

ಇಲ್ಲಿ ಫೋನು ನಕ್ಷತ್ರವನ್ನು ನೋಡಿ ಗುರುತಿಸುವುದಿಲ್ಲ, ಲೆಕ್ಕ ಹಾಕುತ್ತದೆ. ನೀವಿರುವ ಸ್ಥಳವನ್ನು ಜಿಪಿಎಸ್‌ನಿಂದ, ವೇಳೆಯನ್ನು ಗಡಿಯಾರದಿಂದ, ದಿಕ್ಕನ್ನು ಒಳಗಿನ ದಿಕ್ಸೂಚಿಯಿಂದ, ಓರೆಯನ್ನು ಬೇರೆ ಸಂವೇದಕಗಳಿಂದ ತಿಳಿದು, ಅಲ್ಲಿ ಯಾವ ನಕ್ಷತ್ರ ಇರಬೇಕೆಂದು ಹೇಳುತ್ತದೆ. ಆದ್ದರಿಂದ ದಿಕ್ಕು ತಪ್ಪಿದರೆ ಹೆಸರೂ ತಪ್ಪುತ್ತದೆ. ಕಬ್ಬಿಣವೂ ಆಯಸ್ಕಾಂತವೂ ದಿಕ್ಸೂಚಿಯನ್ನು ಕೆಡಿಸುತ್ತವೆ.

ಅನುಸರಿಸಬೇಕಾದ ಕ್ರಮ

1. ದೀಪಗಳಿಂದ ದೂರವಾದ ಬಯಲಿಗೆ ಹೋಗಿ. ಟ್ರ್ಯಾಕ್ಟರ್, ತಗಡಿನ ಚಾವಣಿ, ಕಬ್ಬಿಣದ ಮಂಚ ಹತ್ತಿರ ಇರಬಾರದು. ಆಯಸ್ಕಾಂತವಿರುವ ಕವರನ್ನು ತೆಗೆಯಿರಿ. ಹುಳುಹುಪ್ಪಟೆಯ ಭಯವಿರುವುದರಿಂದ ದಾರಿಗೆ ಬ್ಯಾಟರಿ ಇರಲಿ.

2. ಫೋನನ್ನು ಗಾಳಿಯಲ್ಲಿ 8 ಅಂಕಿಯ ಆಕಾರದಲ್ಲಿ ಕೆಲವು ಸಲ ತಿರುಗಿಸಿ. ದಿಕ್ಸೂಚಿ ಸರಿಹೊಂದುತ್ತದೆ.

3. ಪರದೆಯ ಬೆಳಕನ್ನು ತಗ್ಗಿಸಿ. ಕತ್ತಲೆಗೆ ಕಣ್ಣು ಹೊಂದಲು ಸುಮಾರು 20 ನಿಮಿಷ ಬೇಕು.

4. ಜನವರಿಯಲ್ಲಿ ರಾತ್ರಿ 8 ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ಎತ್ತರಕ್ಕೆ ನೋಡಿ. ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಇದು ಓರಿಯನ್ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಪರದೆಯ ಮೂರು ಚುಕ್ಕೆಗಳು ಇವುಗಳ ಮೇಲೆ ಕೂತರೆ ಫೋನು ಸರಿಯಿದೆ. ಪಕ್ಕಕ್ಕೆ ಸರಿದಿದ್ದರೆ ಎರಡನೆಯ ಕ್ರಮವನ್ನು ಮತ್ತೆ ಮಾಡಿ.

5. ಮೂರರ ಎಡಬದಿಗೆ, ಅಂದರೆ ಉತ್ತರಕ್ಕೆ, ಕೆಂಪಗೆ ಹೊಳೆಯುವುದೇ ಆರಿದ್ರಾ. ಆ್ಯಪಿನಲ್ಲಿ ಬೀಟಲ್‌ಜೂಸ್ ಎಂದಿರುತ್ತದೆ. ಮೂರರ ಸಾಲನ್ನು ಮೇಲಕ್ಕೆ ಎಳೆದರೆ ನಸುಗೆಂಪು ರೋಹಿಣಿ, ಅಂದರೆ ಆಲ್ಡೆಬರಾನ್, ಸಿಗುತ್ತದೆ. ಇನ್ನೂ ಮುಂದೆ ಸಣ್ಣ ಗೊಂಚಲಿನಂತಿರುವುದು ಕೃತ್ತಿಕೆ, ಆ್ಯಪಿನಲ್ಲಿ ಪ್ಲೀಯಡೀಸ್. ಅದೇ ಸಾಲನ್ನು ಕೆಳಕ್ಕೆ ಎಳೆದರೆ ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದ ಲುಬ್ಧಕ, ಅಂದರೆ ಸಿರಿಯಸ್.

ಜೂನ್ 22ರ ಸುಮಾರಿಗೆ ಇನ್ನೊಂದು ಪ್ರಯೋಗ ಮಾಡಿರಿ. ಸೂರ್ಯ ಮುಳುಗಿದ ಮೇಲೆ, ಅವನು ಮುಳುಗಿದ ಕಡೆಗೆ ಫೋನನ್ನು ಹಿಡಿಯಿರಿ. ಮೋಡ ಕವಿದಿದ್ದರೂ ಪರದೆಯಲ್ಲಿ ಸೂರ್ಯನೂ ಆರಿದ್ರೆಯೂ ಹತ್ತಿರದಲ್ಲೇ ಕಾಣುತ್ತವೆ. ಮಳೆಯ ಹೆಸರಿನ ಕಾರಣ ಮಕ್ಕಳಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ಮಳೆ ಬರುವುದೋ ಇಲ್ಲವೋ ಎಂಬುದನ್ನು ಈ ಆ್ಯಪು ಹೇಳದು. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ಕೇಳತಕ್ಕದ್ದು.

ಮೊದಲ ಎರಡು ರಾತ್ರಿ ಫೋನಿನ ನೆರವು ಪಡೆಯಿರಿ. ಮೂರನೆಯ ರಾತ್ರಿ ಅದನ್ನು ಜೇಬಿನಲ್ಲಿಟ್ಟು, ಮನೆಯ ಹಿರಿಯರನ್ನೂ ಮಕ್ಕಳನ್ನೂ ಅಂಗಳಕ್ಕೆ ಕರೆದು, ರೋಹಿಣಿಯನ್ನು ಬೆರಳಿನಿಂದಲೇ ತೋರಿಸಿರಿ.