ಗೇರ್‌ಬಾಕ್ಸ್ ಇಳಿಸುವ ಮುಂಚೆ

ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್. ಪಶ್ಚಿಮಕ್ಕೆ ಹೊರಟರೆ ಸಕಲೇಶಪುರ, ಅದರಾಚೆ ಶಿರಾಡಿ ಘಾಟಿ. ಹಾಗಾಗಿ ನನ್ನಲ್ಲಿಗೆ ಬರುವ ಕಾರುಗಳಲ್ಲಿ ಕ್ಲಚ್ಚಿನ ದೂರು ಹೆಚ್ಚು. ಏರಿನಲ್ಲಿ ಲಾರಿಗಳ ಹಿಂದೆ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲೇ ನಿಲ್ಲುವವರ ಪ್ಲೇಟು ಬೇಗ ಸವೆಯುತ್ತದೆ. ಆದರೆ ಪ್ಲೇಟು ಸವೆದದ್ದು ಬಹಳ ದಿನ ಗೊತ್ತೇ ಆಗುವುದಿಲ್ಲ. ಜನ ಗಾಬರಿಯಾಗಿ ಓಡಿಬರುವುದು ಶಬ್ದ ಕೇಳಿದಾಗ. ಇಪ್ಪತ್ತೆರಡು ವರ್ಷಗಳಲ್ಲಿ ಆ ಶಬ್ದ ಕಲಿಸಿದ್ದು ಇಷ್ಟು.

1. ಶಬ್ದ ಯಾವಾಗ ಬರುತ್ತದೆ ಎಂಬುದನ್ನು ಮೊದಲು ನೋಡಿ.

ಕಟಕಟವೋ ಗರಗರವೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಒಬ್ಬೊಬ್ಬರ ಕಿವಿಗೆ ಒಂದೊಂದು ಥರ ಕೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಡಿ. ಎಸಿ, ರೇಡಿಯೊ ಬಂದ್ ಮಾಡಿ, ಕಿಟಕಿ ಇಳಿಸಿ. ಪೆಡಲ್‌ನಿಂದ ಕಾಲು ತೆಗೆದು ಕೇಳಿ. ಆಮೇಲೆ ಬೆರಳಿನಷ್ಟು ಒತ್ತಿ ಕೇಳಿ. ಕೊನೆಗೆ ಪೂರ್ತಿ ಒತ್ತಿ ಕೇಳಿ.

ಕಾಲು ತೆಗೆದಾಗ ಬರುತ್ತಿದ್ದ ಶಬ್ದ ಪೂರ್ತಿ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನ ಮೇಲೆ ನನ್ನ ಅನುಮಾನ. ಕ್ಲಚ್ ಬಿಡಿಸಿದರೆ ಆ ಶಾಫ್ಟ್ ತಿರುಗುವುದು ನಿಲ್ಲುತ್ತದೆ, ಜೊತೆಗೆ ಶಬ್ದವೂ. ಕೇಬಲ್ ಕ್ಲಚ್ಚಿನ ಹಳೆಯ ಕಾರಿನಲ್ಲಿ ಬೆರಳಿನಷ್ಟು ಒತ್ತಿದೊಡನೆ ನಿಂತರೆ ಸಡಿಲವಾದ ರಿಲೀಸ್ ಬೇರಿಂಗ್ ಅಥವಾ ಅದರ ಫೋರ್ಕ್ ಅಲ್ಲಾಡುತ್ತಿರಬಹುದು. ಒತ್ತಿದಾಗಲೇ ಶುರುವಾಗಿ, ಒತ್ತಿದಷ್ಟೂ ಜೋರಾದರೆ ರಿಲೀಸ್ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು.

ನಿಧಾನಕ್ಕೆ, ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಗಡಗಡ ಎಂದರೆ ಕ್ಲಚ್ ಪ್ಲೇಟಿನ ನಡುವೆ ಇರುವ ಸ್ಪ್ರಿಂಗುಗಳನ್ನು ನೋಡಬೇಕು. ಎಂಜಿನ್ನಿನ ಹೊಡೆತ ನೇರವಾಗಿ ಗೇರ್‌ಬಾಕ್ಸಿಗೆ ತಾಗದಂತೆ ತಡೆಯುವುದು ಅವೇ. ಅವು ಸಡಿಲವಾದರೆ, ಮುರಿದರೆ ಇಡೀ ಗೂಡೇ ಅದುರುತ್ತದೆ.

2. ಕ್ಲಚ್ಚಿನದಲ್ಲದ ಶಬ್ದವನ್ನು ಮೊದಲು ಹೊರಗಿಡಿ.

ಇದನ್ನು ನಾನು ಕಲಿತದ್ದು ಇನ್ನೊಬ್ಬರ ದುಡ್ಡಿನಲ್ಲಿ. ಗ್ಯಾರೇಜ್ ತೆರೆದ ಎರಡನೇ ವರ್ಷ, ನಿವೃತ್ತ ಮೇಷ್ಟ್ರೊಬ್ಬರು ಸಣ್ಣ ಪೆಟ್ರೋಲ್ ಕಾರು ತಂದರು. ಐಡಲ್‌ನಲ್ಲಿ ಕಟಕಟ. ನಾನು ಮೇಲಿನ ಪರೀಕ್ಷೆ ಯಾವುದನ್ನೂ ಮಾಡದೆ ಗೇರ್‌ಬಾಕ್ಸ್ ಇಳಿಸಿ ಇಡೀ ಸೆಟ್ ಹಾಕಿದೆ. ಮರುದಿನ ಬೆಳಿಗ್ಗೆ ಅವರು ಬಂದು, "ಏನಪ್ಪಾ, ಶಬ್ದ ಹಾಗೇ ಇದೆಯಲ್ಲ" ಅಂದರು. ಸೈಲೆನ್ಸರ್ ಪೈಪಿನ ಮೇಲಿನ ತಗಡಿನ ಹೀಟ್ ಶೀಲ್ಡ್ ಬೋಲ್ಟ್ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಒಂದು ಕ್ಲಾಂಪ್ ಹಾಕಿದೆ, ಹತ್ತು ನಿಮಿಷದ ಕೆಲಸ. ಲೇಬರ್ ಹಣ ವಾಪಸು ಕೊಟ್ಟೆ. ಬಿಡಿಭಾಗದ ಹಣ ಅವರೇ ಭರಿಸಿದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಆಗಿನಿಂದ ಸೈಲೆನ್ಸರ್ ತಣ್ಣಗಿರುವಾಗ ಮುಷ್ಟಿಯಿಂದ ತಟ್ಟಿ ನೋಡುವುದು ನನ್ನ ಮೊದಲ ಕೆಲಸ. ಎರಡನೆಯದು ಎಂಜಿನ್ ಮೌಂಟಿಂಗ್. ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಒಂದೇ ಸಲ ಧಡ್ ಎಂದರೆ ಅದರ ರಬ್ಬರ್ ಹೋಗಿರುತ್ತದೆ.

3. ಶಬ್ದ ಬೇರೆ, ಜಾರುವುದು ಬೇರೆ.

ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಕೂಗಿ, ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ತಡ ಮಾಡಬೇಡಿ. ಜಾರದೆ ಶಬ್ದ ಮಾತ್ರ ಇದ್ದರೆ ಎರಡು ಕಡೆ ವಿಚಾರಿಸಲು ಸಮಯವಿದೆ. ಆದರೂ ಅರಚುವ ರಿಲೀಸ್ ಬೇರಿಂಗ್ ಇಟ್ಟುಕೊಂಡು ಘಾಟಿ ಇಳಿಯಬೇಡಿ. ಅದು ಕಚ್ಚಿಕೊಂಡರೆ ಪ್ರೆಷರ್ ಪ್ಲೇಟಿನ ಬೆರಳುಗಳನ್ನೂ ತಿನ್ನುತ್ತದೆ.

4. ಖರ್ಚಿನ ದೊಡ್ಡ ಪಾಲು ಇಳಿಸಿ ಏರಿಸುವುದರಲ್ಲಿದೆ.

ಬೇರಿಂಗ್ ಒಂದರ ಬೆಲೆ ಕಡಿಮೆಯೇ. ಅದನ್ನು ಮುಟ್ಟಲು ಗೇರ್‌ಬಾಕ್ಸ್ ಇಳಿಸಲೇಬೇಕು, ಬೇರಿಂಗ್ ಒಂದನ್ನು ಬದಲಿಸಿದರೂ ಇಡೀ ಸೆಟ್ ಬದಲಿಸಿದರೂ ಲೇಬರ್ ಅಷ್ಟೇ. ಆದ್ದರಿಂದ ಗಣನೀಯವಾಗಿ ಓಡಿದ ಕಾರಿಗೆ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಅದನ್ನೂ ಆಗಲೇ ಬದಲಿಸಿ. ಹೊಸ ಪ್ಲೇಟಿನ ಮೇಲೆ ಎಣ್ಣೆ ಬಿದ್ದರೆ ಹಾಕಿದ ದುಡ್ಡೆಲ್ಲ ನೀರುಪಾಲು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು.

5. ಡೀಸೆಲ್ ಕಾರಾದರೆ ಫ್ಲೈವ್ಹೀಲ್ ಯಾವುದೆಂದು ಕೇಳಿಯೇ ಲೆಕ್ಕ ಹಾಕಿ.

ಅನೇಕ ಡೀಸೆಲ್ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಇರುತ್ತದೆ. ಎರಡು ತೂಕದ ಚಕ್ರಗಳು, ನಡುವೆ ಸ್ಪ್ರಿಂಗ್. ಎಂಜಿನ್ ಆಫ್ ಮಾಡಿದ ಕ್ಷಣ ಗಡಗಡ ಎಂದರೆ ಮೊದಲು ಅದನ್ನೇ ಪರೀಕ್ಷಿಸಬೇಕು. ಅದನ್ನು ಬದಲಿಸಲು ಸಣ್ಣ ಪೆಟ್ರೋಲ್ ಕಾರಿನ ಇಡೀ ಕ್ಲಚ್ ಕೆಲಸದ ಕೆಲವು ಪಟ್ಟು ಖರ್ಚು. ಅದನ್ನು ತೆಗೆದು ಸಾದಾ ಫ್ಲೈವ್ಹೀಲ್ ಹಾಕಿಸಿ ದುಡ್ಡು ಉಳಿಸುವವರಿದ್ದಾರೆ. ಆಗ ಎಂಜಿನ್ನಿನ ಅದುರು ಗೇರ್‌ಬಾಕ್ಸಿಗೆ ಹೋಗುತ್ತದೆಂದು ನಾನು ಆ ಕೆಲಸ ಒಪ್ಪುವುದಿಲ್ಲ. ಕಾರನ್ನು ಇನ್ನೂ ಮೂರ್ನಾಲ್ಕು ವರ್ಷ ಓಡಿಸುವುದಾದರೆ ಸರಿಯಾಗಿ ಹಾಕಿಸಿ. ವರ್ಷದೊಳಗೆ ಮಾರುವುದಾದರೆ, ದೋಷವನ್ನು ಕೊಳ್ಳುವವರಿಗೆ ಹೇಳಿ ಬೆಲೆ ಇಳಿಸಿ.

6. ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ಕೆಲಸ ಮುಗಿದ ಮೇಲೆ ಹಳೆಯ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ. ಪ್ಲೇಟಿನ ಸ್ಪ್ರಿಂಗುಗಳನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿ. ಬೇರಿಂಗ್ ನುಣ್ಣಗೆ ತಿರುಗಿ, ಸ್ಪ್ರಿಂಗ್ ಬಿಗಿಯಾಗಿದ್ದರೆ ದುಡ್ಡು ಕೊಡುವ ಮುಂಚೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಕಾರು ಓಡಿಸಿ ನೋಡಿ.