ಕ್ಯಾಪ್ಟನ್ ಅಮೆರಿಕಾನ ದೇಶಪ್ರೇಮ: ಒಂದು ಚರ್ಚಾ ಪಾಠ

ತರಗತಿ: 10
ವಿಷಯ: ಸಮಾಜ ವಿಜ್ಞಾನ
ಅವಧಿ: 45 ನಿಮಿಷ

ಪೂರ್ವಜ್ಞಾನ: ಎರಡನೇ ಮಹಾಯುದ್ಧದ ಪಾಠ ಮುಗಿದಿರಬೇಕು. ಕ್ಯಾಪ್ಟನ್ ಅಮೆರಿಕಾ ಸಿನಿಮಾಗಳ ಮೂಲಕ ಹಲವು ಮಕ್ಕಳಿಗೆ ಪರಿಚಿತ. ಅವನ ಕಾಮಿಕ್ಸ್ ಸುತ್ತ ಅಮೆರಿಕಾದಲ್ಲಿ ಎದ್ದ ವಿವಾದಗಳು ‘ದೇಶ’ ಮತ್ತು ‘ಸರ್ಕಾರ’ ಬೇರೆ ಬೇರೆ ಎಂಬುದನ್ನು ತಿಳಿಸಲು ನೆರವಾಗುತ್ತವೆ.

ಉದ್ದೇಶ: ತಾನು ಒಪ್ಪದ ವಾದವನ್ನೂ ವಿದ್ಯಾರ್ಥಿಯು ತಿರುಚದೆ ಹೇಳುವನು.

ವಿಷಯ ನಿರೂಪಣೆ

1. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಇಬ್ಬರೂ ಯಹೂದಿ ಕುಟುಂಬದವರು. ಅವರ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕನು ಹಿಟ್ಲರನ ಮುಖಕ್ಕೆ ಗುದ್ದುತ್ತಾನೆ. ಅದರ ಮೇಲಿನ ತಿಂಗಳು ಮಾರ್ಚ್ 1941. ಅಮೆರಿಕಾ ಯುದ್ಧಕ್ಕೆ ಇಳಿದದ್ದು ಡಿಸೆಂಬರ್ 1941ರಲ್ಲಿ. ಯುದ್ಧ ನಮಗೆ ಬೇಡ ಎನ್ನುವವರು ಆಗ ಅಲ್ಲಿ ಬಹಳ ಮಂದಿ ಇದ್ದರು. ಪ್ರಕಾಶಕರಿಗೆ ಬೆದರಿಕೆಗಳೂ ಬಂದವು.

2. 1974, ವಾಟರ್‌ಗೇಟ್ ಹಗರಣದ ಕಾಲ. ಸ್ಟೀವ್ ಎಂಗಲ್‌ಹಾರ್ಟ್ ಬರೆದ ಕಥೆಯಲ್ಲಿ ಪಿತೂರಿಯ ಜಾಡು ಶ್ವೇತಭವನದವರೆಗೆ ಹೋಗುತ್ತದೆ. ಮನನೊಂದ ನಾಯಕ ತನ್ನ ವೇಷವನ್ನೇ ತ್ಯಜಿಸುತ್ತಾನೆ. ಮುಂದೆ, ತಾನು ನಿಲ್ಲಬೇಕಾದದ್ದು ಆಳುವವರ ಪರವಲ್ಲ, ದೇಶದ ಆದರ್ಶಗಳ ಪರ ಎಂದು ತಿಳಿದು ಮರಳುತ್ತಾನೆ.

3. 2016ರ ಒಂದು ಸಂಚಿಕೆಯಲ್ಲಿ ಅವನೇ ಶತ್ರುಪಡೆ ಹೈಡ್ರಾದ ಗುಪ್ತಚರ ಎಂದು ತೋರಿಸಲಾಯಿತು. ಯಹೂದಿ ಕಲಾವಿದರು ನಾಜಿಗಳ ವಿರುದ್ಧ ಸೃಷ್ಟಿಸಿದ ಪಾತ್ರಕ್ಕೆ ಇದು ಅವಮಾನ ಎಂದು ಹಲವರು ಸಿಟ್ಟಾದರು. ಕಥೆ ಮುಗಿಯುವ ಮುನ್ನ ತೀರ್ಪು ಕೊಡಬೇಡಿ ಎಂದರು ಇತರರು.

ಚಟುವಟಿಕೆ

ತರಗತಿಯನ್ನು ಆರು ಗುಂಪು ಮಾಡಿ, ಪ್ರತಿ ಘಟನೆಗೆ ಎರಡು ಗುಂಪು ಕೊಡಿ: ಒಂದು ಪರ, ಒಂದು ವಿರೋಧ. ಪ್ರತಿ ಗುಂಪು ಮೊದಲು ಎದುರು ಗುಂಪಿನ ವಾದವನ್ನು ಹೇಳಬೇಕು. ‘ಹೌದು, ನಾವು ಹೇಳುವುದು ಇದನ್ನೇ’ ಎಂದು ಅವರು ಒಪ್ಪಿದ ಮೇಲೆಯೇ ಉತ್ತರಿಸಬೇಕು. ಕಪ್ಪುಹಲಗೆಯ ಮೇಲೆ ಮೂರು ಅಂಕಣಗಳಿರಲಿ: ಕಥೆಯಲ್ಲಿ ಇರುವುದು, ಓದುಗರು ಹೇಳಿದ್ದು, ನಮ್ಮ ಅಭಿಪ್ರಾಯ. ಜಗಳ ಹೆಚ್ಚಾಗಿ ಹುಟ್ಟುವುದು ಈ ಮೂರೂ ಬೆರೆತಾಗ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

‘ದೇಶದ್ರೋಹಿ’ ಎಂಬ ಮಾತು ತರಗತಿಯಲ್ಲಿ ಬಂದೇ ಬರುತ್ತದೆ. ಗದರಿಸಬೇಡಿ, ಕೇಳಿಸದಂತೆ ಮುಂದೆ ಸಾಗಲೂಬೇಡಿ. ‘ಆ ವ್ಯಕ್ತಿ ಮಾಡಿದ್ದೇನು?’ ಎಂದು ಕೇಳಿ, ಉತ್ತರವನ್ನು ಹಲಗೆಯ ಮೇಲೆ ಬರೆಯಿರಿ. ಕೃತ್ಯವನ್ನು ಕುರಿತು ಚರ್ಚಿಸಬಹುದು. ಹಣೆಪಟ್ಟಿ ಹಚ್ಚಿದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ, ಹಣೆಪಟ್ಟಿ ಹಚ್ಚಿಸಿಕೊಂಡ ಮಗು ವರ್ಷವಿಡೀ ಬಾಯಿ ತೆರೆಯದಿರಬಹುದು. ಮಾತು ನಮ್ಮ ದೇಶದ ಕಡೆ ಹೊರಳಿದರೆ ಸಂವಿಧಾನವನ್ನು ತೆರೆಯಿರಿ: ಅಭಿವ್ಯಕ್ತಿ ಸ್ವಾತಂತ್ರ್ಯದ 19ನೇ ವಿಧಿ, ರಾಷ್ಟ್ರಧ್ವಜವನ್ನು ಗೌರವಿಸಬೇಕೆನ್ನುವ 51ಎ ವಿಧಿ, ಎರಡೂ ಅದರಲ್ಲಿವೆ. ವೀಕ್ಷಕರು ಕುಳಿತಿದ್ದಾರೆಂದು ಕೊನೆಗೊಂದು ನೀತಿ ಹೇಳಿ ಮುಗಿಸುವ ಆತುರ ಬೇಡ.

ಮೌಲ್ಯಮಾಪನ

‘1974ರ ನಾಯಕನು ವೇಷ ತ್ಯಜಿಸಿದ್ದು ಸರಿಯೇ?’ ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಅತ್ಯಂತ ಬಲವಾದ ಕಾರಣವನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಅಂಕಗಳು ನಿಲುವಿಗಲ್ಲ, ಕಾರಣದ ನ್ಯಾಯಬದ್ಧತೆಗೆ.