ಎಂಜಿನ್ನಿನ ಗಾಲಿ ಬದಲಿಸುವ ಮುನ್ನ



ದನದ ಡಾಕ್ಟರು ಎಂಜಿನ್ನಿನ ಗಾಲಿಯ ವಿಚಾರ ಬರೆಯುವುದೇಕೆ ಎಂದು ತಾವು ಕೇಳಬಹುದು. ಹೊಸದುರ್ಗ ತಾಲ್ಲೂಕಿನ ಒಂದು ಊರಿಗೆ ಹಸು ನೋಡಲು ಹೋಗಿದ್ದೆ. ಮೇವು ಬಿಟ್ಟು, ಬೆನ್ನು ಬಾಗಿಸಿಕೊಂಡು ನಿಂತಿತ್ತು. ಗಂಗೆದೊಗಲಿನಲ್ಲಿ ನೀರು ತುಂಬಿ ಊದಿತ್ತು, ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಮೇವಿನೊಡನೆ ನುಂಗಿದ ಚೂಪಾದ ಲೋಹ ಎರಡನೇ ಹೊಟ್ಟೆಯನ್ನು ಚುಚ್ಚಿ, ವಪೆಯನ್ನು ದಾಟಿ ಹೃದಯಕ್ಕೆ ತಲುಪಿದಾಗ ಕಾಣುವ ಲಕ್ಷಣಗಳಿವು. ಈ ಹಂತಕ್ಕೆ ಬಂದ ಮೇಲೆ ಔಷಧಿ ನಡೆಯುವುದು ಬಹಳ ಅಪರೂಪ. ಹಸು ಉಳಿಯಲಿಲ್ಲ. ಶವಪರೀಕ್ಷೆಯಲ್ಲಿ ಸಿಕ್ಕಿದ್ದು ಎರಡು ಇಂಚಿನ ಬೈಂಡಿಂಗ್ ತಂತಿ.

ತಂತಿ ಎಲ್ಲಿಂದ ಬಂತೆಂದು ಹುಡುಕಿದಾಗ ಕೊಟ್ಟಿಗೆಯ ಪಕ್ಕದ ಚಾಫ್ ಕಟರ್ ಕಣ್ಣಿಗೆ ಬಿತ್ತು. ಅದನ್ನೂ ಡೀಸೆಲ್ ಎಂಜಿನ್ನನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದಿದ್ದರು. ಎಂಜಿನ್ನಿನ ಫ್ಲೈವೀಲ್ ಬಿರುಕು ಬಿಟ್ಟಾಗ ಗುಜರಿಯಿಂದ ಬೇರೊಂದು ದೊಡ್ಡ ಎಂಜಿನ್ನಿನ ಗಾಲಿ ತಂದು ಹಾಕಿದ್ದರು. ಅಂದಿನಿಂದ ಚೌಕಟ್ಟು ನಡುಗುತ್ತಿತ್ತು, ನಟ್ಟುಗಳು ಸಡಿಲವಾಗುತ್ತಿದ್ದವು. ಸಡಿಲವಾಗದಿರಲಿ ಎಂದು ತಂತಿ ಸುತ್ತಿದ್ದರು. ಆ ತಂತಿ ತುಂಡಾಗಿ ಮೇವಿಗೆ ಬೀಳುತ್ತಿತ್ತು.

ಫ್ಲೈವೀಲ್ ಬರೀ ಭಾರದ ಗಾಲಿಯಲ್ಲ. ನಾಲ್ಕು ಹೊಡೆತದ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಇಂಧನ ಉರಿದು ಶಕ್ತಿ ಬರುತ್ತದೆ. ಉಳಿದ ಹೊತ್ತು ಎಂಜಿನ್ನನ್ನು ತಿರುಗಿಸುವುದು ಗಾಲಿ ಹಿಡಿದಿಟ್ಟುಕೊಂಡ ಶಕ್ತಿಯೇ. ನಿಮಿಷಕ್ಕೆ 650 ಸುತ್ತು ತಿರುಗುವ ಹಳೆಯ ನಿಧಾನದ ಎಂಜಿನ್ನಿಗೆ ದೊಡ್ಡ ಗಾಲಿ ಬೇಕು. 1500 ಸುತ್ತಿನ ಎಂಜಿನ್ನಿಗೆ ಚಿಕ್ಕದು ಸಾಕು. ಚಿಕ್ಕ ಗಾಲಿಯನ್ನು ನಿಧಾನದ ಎಂಜಿನ್ನಿಗೆ ಹಾಕಿದರೆ ಓಟ ಜಗ್ಗುತ್ತದೆ. ಮೆಕ್ಕೆಜೋಳದ ದಪ್ಪ ದಂಟು ಕೊಟ್ಟೊಡನೆ ನಿಂತುಹೋಗುತ್ತದೆ. ಇದು ಬೇಸರದ ವಿಷಯ, ಅಷ್ಟೇ. ಭಯಪಡಬೇಕಾದದ್ದು ಇದರ ವಿರುದ್ಧವಾದದ್ದಕ್ಕೆ.

ಎರಡು ಅಡಿ ಅಡ್ಡಳತೆಯ ಗಾಲಿ 650 ಸುತ್ತಿನಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅದೇ ಗಾಲಿ 1500ರಲ್ಲಿ ಸುಮಾರು 48 ಮೀಟರ್. ಎರಕದ ಕಬ್ಬಿಣದ ಗಾಲಿಯ ಅಂಚು 30 ಮೀಟರ್ ದಾಟಬಾರದೆಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಎರಕದ ಕಬ್ಬಿಣ ಒತ್ತಡ ತಡೆದೀತು, ಎಳೆತ ತಡೆಯದು. ಒಡೆದರೆ ತುಂಡುಗಳು ಗೋಡೆಯನ್ನೂ ಲೆಕ್ಕಿಸುವುದಿಲ್ಲ. ಇನ್ನು ಅಂಚಿನ ಒಂದು ಕಡೆ ಕೇವಲ 100 ಗ್ರಾಂ ಹೆಚ್ಚಿದ್ದರೆ, 650 ಸುತ್ತಿನಲ್ಲಿ ಅದು ಚೌಕಟ್ಟನ್ನು 14 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆ. 1500ರಲ್ಲಿ 75 ಕಿಲೋದಷ್ಟು. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ನಟ್ಟು ಸಡಿಲವಾಗದೆ ಇನ್ನೇನಾದೀತು?

ಆದ್ದರಿಂದ ಅದೇ ತಯಾರಿಕೆಯ, ಅದೇ ಮಾದರಿಯ, ಅದೇ ಸುತ್ತಿನ ಎಂಜಿನ್ನಿನ ಗಾಲಿಯನ್ನೇ ಕೇಳಿ ತನ್ನಿರಿ. ಹಳೆಯದಾದರೆ ಎತ್ತಿ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಂಟೆಯಂತೆ ಖಣಿ ಎಂದರೆ ಸರಿ. ಒಡೆದ ಮಡಕೆಯ ಸದ್ದು ಬಂದರೆ ಬಿರುಕಿದೆ, ಅಲ್ಲೇ ಬಿಟ್ಟು ಬನ್ನಿ. ಗಾಲಿಯ ತೂತು ಶಾಫ್ಟಿಗಿಂತ ದೊಡ್ಡದಿದ್ದರೆ ತಗಡು ತುರುಕಿ ಬಿಗಿಸುವವರನ್ನು ಹೊಳಲ್ಕೆರೆಯಿಂದ ಹಿರಿಯೂರಿನವರೆಗೂ ನೋಡಿದ್ದೇನೆ. ಇದಕ್ಕಿಂತ ಕೆಟ್ಟ ಉಪಾಯ ನನಗೆ ಗೊತ್ತಿಲ್ಲ.

ತೂಕ ಸರಿದೂಗಿಸುವ ವಿಚಾರದಲ್ಲಿ ಒಂದು ಎಚ್ಚರಿಕೆ. ಒಂಟಿ ಸಿಲಿಂಡರ್ ಎಂಜಿನ್ನುಗಳ ಕೆಲವು ಗಾಲಿಗಳಲ್ಲಿ ಅಂಚಿನ ಒಂದು ಭಾಗವನ್ನು ಬೇಕೆಂದೇ ದಪ್ಪವಾಗಿ ಎರಕ ಹೊಯ್ದಿರುತ್ತಾರೆ. ಅದು ಪಿಸ್ಟನ್ನಿನ ಹೊಯ್ದಾಟಕ್ಕೆ ಎದುರು ತೂಕ. ತಪ್ಪೆಂದು ತಿಳಿದು ಅದನ್ನು ಕೊರೆಸಿದರೆ ಎಂಜಿನ್ ಇನ್ನಷ್ಟು ಕುಣಿಯುತ್ತದೆ. ಎಂಜಿನ್ನಿನ ಗಾಲಿಯನ್ನು ಬಲ್ಲ ಮೆಕ್ಯಾನಿಕ್ಕಿಗೇ ಬಿಡಿ.

ಚಾಫ್ ಕಟರಿನ ಗಾಲಿ ಹಾಗಲ್ಲ. ಅದು ಎಲ್ಲ ಕಡೆಯೂ ಸಮತೂಕವಿರಬೇಕು. ಇದನ್ನು ತಾವೇ ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ ಬೆಲ್ಟ್ ಕಳಚಿ. ಮೊದಲು ಬ್ಲೇಡುಗಳನ್ನು ಬಿಚ್ಚಿ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ಒಂದು ಹೊಸದು, ಒಂದು ಸವೆದದ್ದು ಜೋಡಿಯಾಗಿದ್ದರೆ ನಡುಕಕ್ಕೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಸಾಣೆ ಹಿಡಿಸುವಾಗಲೂ ಎಲ್ಲವನ್ನೂ ಒಟ್ಟಿಗೇ ಹಿಡಿಸಿ. ಆಮೇಲೆ ಬ್ಲೇಡುಗಳನ್ನು ಅದೇ ಅಳತೆಯ ಬೋಲ್ಟು, ವಾಷರುಗಳೊಡನೆ ಕೂರಿಸಿ, ಬಾಯಿಗೆ ಗೋಣಿತಟ್ಟು ಸುತ್ತಿ, ರೋಲರಿನ ಗೇರು ಬಿಡಿಸಿ ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ಐದಾರು ಬಾರಿ ಮಾಡಿ. ಪ್ರತಿ ಸಲವೂ ಒಂದೇ ಜಾಗ ಕೆಳಗೆ ಬಂದು ನಿಂತರೆ ಅಲ್ಲಿ ತೂಕ ಹೆಚ್ಚು. ಅದಕ್ಕೆ ಎದುರಿನ ಅಂಚಿಗೆ ಹಸಿ ಜೇಡಿಮಣ್ಣು ಮೆತ್ತುತ್ತಾ ಬನ್ನಿ. ಬಿಟ್ಟ ಕಡೆಯಲ್ಲೇ ಗಾಲಿ ನಿಂತಾಗ ಆ ಮಣ್ಣನ್ನು ತೂಗಿ, ಅಷ್ಟೇ ತೂಕದ ಕಬ್ಬಿಣವನ್ನು ಅದೇ ಜಾಗಕ್ಕೆ ಬೋಲ್ಟಿನಿಂದ ಬಿಗಿಯಲು ಲೇತ್ ಅಂಗಡಿಯವರಿಗೆ ಹೇಳಿ. ವೆಲ್ಡಿಂಗ್ ಬೇಡ, ಎರಕದ ಕಬ್ಬಿಣ ವೆಲ್ಡಿಂಗಿನ ಪಕ್ಕದಲ್ಲೇ ಬಿರಿಯುತ್ತದೆ.

ಕೈಯಿಂದ ತಿರುಗಿಸುವ ಯಂತ್ರಕ್ಕೆ 1440 ಸುತ್ತಿನ ಮೋಟಾರ್ ಜೋಡಿಸುವವರು ಪುಲ್ಲಿಯ ಲೆಕ್ಕ ಮರೆಯಬಾರದು. ಮೋಟಾರಿಗೆ 3 ಇಂಚು, ಯಂತ್ರಕ್ಕೆ 15 ಇಂಚು ಹಾಕಿದರೆ ಗಾಲಿ 288 ಸುತ್ತು ತಿರುಗುತ್ತದೆ. ಕೈಯಲ್ಲಿ 40 ಸುತ್ತು ತಿರುಗುತ್ತಿದ್ದ ಗಾಲಿಗೆ ಇದು ಏಳು ಪಟ್ಟು ವೇಗ, ಐವತ್ತು ಪಟ್ಟು ಎಳೆತ. ಅಷ್ಟಕ್ಕೆ ಆ ಗಾಲಿ ಮಾಡಿದ್ದೇ ಅಲ್ಲವೆಂದು ಅಂಗಡಿಯವನು ಹೇಳಿದರೆ ನಂಬಿರಿ.

ಜೋಡಣೆ ಮುಗಿದ ಮೇಲೆ ಮೊದಲ ಬಾರಿ ಚಾಲೂ ಮಾಡುವಾಗ ಗಾಲಿಯ ಅಂಚಿನ ನೇರಕ್ಕೆ ಯಾರೂ ನಿಲ್ಲಬೇಡಿ, ಮಕ್ಕಳನ್ನು ದೂರ ಕಳಿಸಿ. ಹತ್ತು ನಿಮಿಷ ಮೇವಿಲ್ಲದೆ ಓಡಿಸಿ, ನಿಲ್ಲಿಸಿ, ಪ್ರತಿಯೊಂದು ನಟ್ಟನ್ನೂ ಮತ್ತೆ ಬಿಗಿಯಿರಿ. ಲಾಕ್ ನಟ್ಟು ಅಥವಾ ಸ್ಪ್ರಿಂಗ್ ವಾಷರ್ ಹಾಕಿ, ತಂತಿ ಸುತ್ತಬೇಡಿ. ಕತ್ತರಿಸಿದ ಮೇವು ಬೀಳುವ ತಗಡಿಗೆ ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಅಂಟಿಸಿ, ಸಂಜೆಗೊಮ್ಮೆ ಒರೆಸಿ ನೋಡಿ. ಅದಕ್ಕೆ ಹತ್ತಿದ ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ನಾನು ಊರಿಗೆ ಬಂದಾಗ ತೋರಿಸಿರಿ.